ಗಡಿಯಾರದ ಊರು ಕಟ್ಟಿದ ಲಾಂಗೆ

ಎಲ್ಬೆ ನದಿಯ ದಡದಲ್ಲಿರುವ ಡ್ರೆಸ್ಡೆನ್ ನಗರವು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಯಾಕ್ಸನಿ ರಾಜ್ಯದ ರಾಜಧಾನಿಯಾಗಿತ್ತು. ಅರಮನೆಗಳು, ಚಿತ್ರಶಾಲೆಗಳು, ಸಂಗೀತಗೃಹಗಳು, ಇಗರ್ಜಿಗಳ ಎತ್ತರವಾದ ಗೋಪುರಗಳು ಇವುಗಳಿಂದ ಆ ನಗರ ಯುರೋಪಿನಲ್ಲೆಲ್ಲ ಹೆಸರು ಪಡೆದಿತ್ತು. ಅಲ್ಲಿಂದ ದಕ್ಷಿಣಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರು ನಡೆದರೆ ನೋಟವೇ ಬೇರೆ. ಎರ್ಟ್ಸ್‌ಗೆಬಿರ್ಗೆ ಎಂಬ ಬೆಟ್ಟಸಾಲು ಅಲ್ಲಿ ಆರಂಭವಾಗುತ್ತದೆ. ಅದಿರಿನ ಬೆಟ್ಟಗಳು ಎಂಬುದೇ ಆ ಹೆಸರಿನ ಅರ್ಥ. ಮ್ಯೂಗ್ಲಿಟ್ಸ್ ಎಂಬ ಚಿಕ್ಕ ಹೊಳೆ ಆ ಬೆಟ್ಟಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ಹರಿದು ಬರುತ್ತದೆ. ಆ ಕಣಿವೆಯಲ್ಲಿದೆ ಗ್ಲಾಸ್‌ಹ್ಯೂಟೆ ಎಂಬ ಪುಟ್ಟ ಊರು.

ಊರಿನ ಹೆಸರಿನಲ್ಲಿ ಗಾಜಿನ ಕುಲುಮೆಯಿದ್ದರೂ ಅದನ್ನು ಬೆಳೆಸಿದ್ದು ಬೆಳ್ಳಿಯ ಗಣಿ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಬೆಳ್ಳಿಯ ಅದಿರು ದೊರೆಯಿತು. 1506ರಲ್ಲಿ ಊರಿಗೆ ಪಟ್ಟಣದ ಹಕ್ಕುಗಳೂ ದೊರೆತವು. ನೆಲದಡಿಯ ಸಂಪತ್ತು ಎಂದಿಗೂ ಮುಗಿಯದೆಂದು ಜನ ನಂಬಿದ್ದಿರಬೇಕು. ಆದರೆ ತಲೆಮಾರುಗಳು ಉರುಳಿದಂತೆ ಗಣಿಗಳು ಬರಿದಾದವು. ಬೆಟ್ಟದ ನೆಲ ಬೇಸಾಯಕ್ಕೆ ಒಗ್ಗದು, ಚಳಿಗಾಲವೋ ದೀರ್ಘ. ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಬರುವ ವೇಳೆಗೆ ಅಲ್ಲಿನವರು ಹುಲ್ಲಿನ ಎಳೆಗಳನ್ನು ಜಡೆಯಂತೆ ಹೆಣೆದು ಮಾರುವುದು, ಕಲ್ಲು ಒಡೆಯುವುದು, ಪರರ ಹೊಲದಲ್ಲಿ ದುಡಿಯುವುದು ಮುಂತಾದ ಕೆಲಸಗಳಿಂದ ಹೇಗೋ ಹೊಟ್ಟೆ ಹೊರೆಯುತ್ತಿದ್ದರು. ಇಂಥ ಊರಿಗೆ ಹೊಸ ಬದುಕನ್ನು ತಂದುಕೊಟ್ಟವನು ಫರ್ಡಿನಾಂಡ್ ಅಡಾಲ್ಫ್ ಲಾಂಗೆ.

ಲಾಂಗೆ ಹುಟ್ಟಿದ್ದು 1815ರ ಫೆಬ್ರವರಿ 18ರಂದು, ಡ್ರೆಸ್ಡೆನ್ನಿನಲ್ಲಿ. ತಂದೆ ಬಂದೂಕು ತಯಾರಿಸುವ ಕುಶಲಕರ್ಮಿ. ಮಗು ಚಿಕ್ಕದಾಗಿದ್ದಾಗಲೇ ತಂದೆತಾಯಿಗಳು ಬೇರೆಯಾದರು. ಪರಿಚಿತ ವರ್ತಕ ಕುಟುಂಬವೊಂದು ಹುಡುಗನನ್ನು ತನ್ನ ಮನೆಯಲ್ಲಿರಿಸಿಕೊಂಡು ಸಾಕಿತು. ಹೆತ್ತವರ ಆಸರೆ ತಪ್ಪಿದರೂ ವಿದ್ಯೆ ತಪ್ಪಲಿಲ್ಲ. 1830ರಲ್ಲಿ, ಹದಿನೈದರ ಹರೆಯದಲ್ಲಿ, ಅವನು ಯೋಹಾನ್ ಕ್ರಿಸ್ಟಿಯಾನ್ ಫ್ರೀಡ್ರಿಕ್ ಗುಟ್‌ಕೇಸ್ ಎಂಬ ಗಡಿಯಾರಗಾರನಲ್ಲಿ ಶಿಷ್ಯನಾಗಿ ಸೇರಿದನು. ಗುಟ್‌ಕೇಸ್ ಡ್ರೆಸ್ಡೆನ್ನಿನಲ್ಲಿ ಎಲ್ಲರೂ ಬಲ್ಲ ಹೆಸರು. ಮುಂದೆ ಅವನು ಆಸ್ಥಾನದ ಗಡಿಯಾರಗಾರನೂ ಆದನು. ಆ ಕಾಲದಲ್ಲಿ ಕಸುಬು ಕಲಿಯುವ ಹುಡುಗನು ಗುರುವಿನ ಮನೆಯ ಚಾಕರಿಯನ್ನೂ ಮಾಡುತ್ತ, ಕಣ್ಣಿಗೆ ಬಿದ್ದುದನ್ನು ಕಲಿತುಕೊಳ್ಳುವುದು ವಾಡಿಕೆ. ಲಾಂಗೆ ಅಷ್ಟಕ್ಕೇ ತೃಪ್ತನಾಗಲಿಲ್ಲ. ಡ್ರೆಸ್ಡೆನ್ನಿನಲ್ಲಿ 1828ರಲ್ಲಿ ತೆರೆದಿದ್ದ ಹೊಸ ತಾಂತ್ರಿಕ ಶಾಲೆಯಲ್ಲಿ ಗಣಿತವನ್ನೂ ಯಂತ್ರಶಾಸ್ತ್ರವನ್ನೂ ಅಭ್ಯಾಸ ಮಾಡಿದನು. ಕೈಗೆ ಅರವಿದ್ಯೆ, ಬುದ್ಧಿಗೆ ಲೆಕ್ಕ, ಈ ಎರಡೂ ಒಂದೇ ವಯಸ್ಸಿನಲ್ಲಿ ಒದಗಿದ್ದು ಅವನ ಪುಣ್ಯವೆನ್ನಬೇಕು.

ಶಿಷ್ಯವೃತ್ತಿ ಮುಗಿದ ಮೇಲೆ ಪರದೇಶಗಳನ್ನು ಸುತ್ತಿ ಹೆಸರಾಂತ ಕುಶಲಿಗರ ಬಳಿ ದುಡಿದು ಬರುವುದು ಜರ್ಮನಿಯ ಕಸುಬುದಾರರಲ್ಲಿ ಹಳೆಯ ಸಂಪ್ರದಾಯ. 1837ರಲ್ಲಿ ಲಾಂಗೆ ಪ್ಯಾರಿಸಿಗೆ ಹೊರಟನು. ಅಲ್ಲಿ ವಿನ್ನರ್ಲ್ ಎಂಬ ಆಸ್ಟ್ರಿಯ ಮೂಲದ ಪ್ರಸಿದ್ಧ ಗಡಿಯಾರಗಾರನಿದ್ದನು. ಅವನು ತಯಾರಿಸುತ್ತಿದ್ದುದು ಕ್ರೋನೋಮೀಟರುಗಳೆಂಬ ಅತಿ ನಿಖರವಾದ ಗಡಿಯಾರಗಳನ್ನು. ಸಮುದ್ರದ ನಡುವೆ ಹಡಗು ಎಲ್ಲಿದೆ ಎಂಬುದನ್ನು ಕಂಡುಕೊಳ್ಳಲು ನಾವಿಕನಿಗೆ ನಿಖರವಾದ ಕಾಲ ತಿಳಿದಿರಬೇಕು. ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ಹಡಗಿನ ಲೆಕ್ಕ ಸುಮಾರು ಎರಡು ಕಿಲೋಮೀಟರಿನಷ್ಟು ತಪ್ಪುತ್ತದೆ. ಆದುದರಿಂದ ವಿನ್ನರ್ಲನ ಕಾರ್ಯಾಗಾರದಲ್ಲಿ ಅಂದಾಜಿಗೆ ಎಡೆಯೇ ಇರಲಿಲ್ಲ. ಲಾಂಗೆ ಅಲ್ಲಿ ಕೆಲವು ವರ್ಷ ನಿಂತು, ಮುಂದಾಳುವಿನ ಸ್ಥಾನಕ್ಕೂ ಏರಿದನು. ಅನಂತರ ಇಂಗ್ಲೆಂಡು ಮತ್ತು ಸ್ವಿಟ್ಜರ್ಲೆಂಡುಗಳಿಗೂ ಹೋಗಿ ಬಂದನು.

ಈ ಪ್ರವಾಸದುದ್ದಕ್ಕೂ ಅವನ ಜೊತೆಯಲ್ಲಿದ್ದುದು ಒಂದು ಟಿಪ್ಪಣಿ ಪುಸ್ತಕ. ಕಂಡ ಯಂತ್ರಗಳ ಚಿತ್ರಗಳು, ಹಲ್ಲುಚಕ್ರಗಳ ಅಳತೆಗಳು, ಯಾವ ಚಕ್ರಕ್ಕೆ ಎಷ್ಟು ಹಲ್ಲಿದ್ದರೆ ಅದರ ವ್ಯಾಸ ಎಷ್ಟಿರಬೇಕೆಂಬ ಕೋಷ್ಟಕಗಳು, ಇವೆಲ್ಲವನ್ನೂ ಅವನು ಅದರಲ್ಲಿ ನುಣುಪಾದ ಕೈಬರಹದಲ್ಲಿ ಬರೆದಿಡುತ್ತಿದ್ದನು. ಆ ಪುಸ್ತಕ ಇಂದಿಗೂ ಉಳಿದಿದೆ. ಅಂದಿನ ಗಡಿಯಾರಗಾರರಲ್ಲಿ ಬಹುಮಂದಿ ಒಂದು ಚಕ್ರವನ್ನು ಮಾಡಿ, ಅದಕ್ಕೆ ಇನ್ನೊಂದನ್ನು ಹೊಂದಿಸಿ, ಹೊಂದದಿದ್ದರೆ ಅರದಿಂದ ಉಜ್ಜಿ ಸರಿಪಡಿಸುತ್ತಿದ್ದರು. ಹಾಗೆ ಹುಟ್ಟಿದ ಗಡಿಯಾರದ ಒಂದು ಭಾಗ ಇನ್ನೊಂದು ಗಡಿಯಾರಕ್ಕೆ ಬಾರದು. ಮೊದಲು ಲೆಕ್ಕ ಹಾಕಿ, ಆ ಲೆಕ್ಕದಂತೆ ಲೋಹವನ್ನು ಕೊರೆದರೆ ಉಜ್ಜಾಟದ ಅಗತ್ಯವೇ ಬಾರದೆಂಬುದು ಲಾಂಗೆಯ ನಿಲುವು. ಅವನ ಮುಂದಿನ ಸಾಧನೆಯೆಲ್ಲ ಈ ನಿಲುವಿನಿಂದಲೇ ಮೊಳೆತದ್ದು.

1841ರಲ್ಲಿ ಅವನು ಡ್ರೆಸ್ಡೆನ್ನಿಗೆ ಮರಳಿದನು. ಅದೇ ವರ್ಷ ಅಲ್ಲಿ ವಾಸ್ತುಶಿಲ್ಪಿ ಗಾಟ್‌ಫ್ರೀಡ್ ಸೆಂಪರ್ ಕಟ್ಟಿದ ಸಂಗೀತನಾಟಕಗೃಹವು ಉದ್ಘಾಟನೆಗೊಂಡಿತ್ತು. ಅದರ ರಂಗದ ಮೇಲ್ಭಾಗದಲ್ಲಿ ಗುಟ್‌ಕೇಸ್ ವಿಚಿತ್ರವಾದೊಂದು ಗಡಿಯಾರವನ್ನು ಕೂರಿಸಿದ್ದನು. ಅದಕ್ಕೆ ಮುಳ್ಳುಗಳಿರಲಿಲ್ಲ. ಎರಡು ಚೌಕ ಕಿಂಡಿಗಳ ಹಿಂದೆ ಎರಡು ದೊಡ್ಡ ಉರುಳೆಗಳು ತಿರುಗುತ್ತಿದ್ದವು. ಎಡಗಡೆ ರೋಮನ್ ಅಂಕೆಯಲ್ಲಿ ಗಂಟೆ, ಬಲಗಡೆ ಐದೈದು ನಿಮಿಷಕ್ಕೊಮ್ಮೆ ಬದಲಾಗುವ ನಿಮಿಷ. ಕತ್ತಲೆಯ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಅದು ಕಾಣುತ್ತಿತ್ತು. ಶ್ರೀಮಂತರು ತಮ್ಮ ಜೇಬಿನ ಗಂಟೆ ಬಡಿಯುವ ಗಡಿಯಾರಗಳನ್ನು ಒತ್ತಿ ಸಂಗೀತಕ್ಕೆ ಭಂಗ ತರುತ್ತಿದ್ದುದನ್ನು ತಪ್ಪಿಸಲು ಈ ಏರ್ಪಾಡು ಎಂದು ಹೇಳುತ್ತಾರೆ. ಇದರ ನಿರ್ಮಾಣದಲ್ಲಿ ಲಾಂಗೆಯ ಕೈಯೂ ಇತ್ತೆಂಬ ಹೇಳಿಕೆ ವಾಡಿಕೆಯಲ್ಲಿದೆ. ಈ ಗಡಿಯಾರದ ವಿಷಯವನ್ನು ನೆನಪಿನಲ್ಲಿಡಬೇಕು. ನೂರೈವತ್ತು ವರ್ಷಗಳ ಬಳಿಕ ಅದು ಮತ್ತೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

1842ರಲ್ಲಿ ಲಾಂಗೆ ಗುರುವಿನ ಮಗಳಾದ ಆಂಟೋನಿಯಾಳನ್ನು ಮದುವೆಯಾದನು. ಮಾವನ ಉದ್ಯಮದಲ್ಲಿ ಪಾಲುಗಾರನೂ ಆದನು. ರಾಜಧಾನಿಯಲ್ಲಿ ಮನೆ, ಆಸ್ಥಾನದ ಆಶ್ರಯ, ಕೈತುಂಬ ಕೆಲಸ. ಬೇರೊಬ್ಬನಾಗಿದ್ದರೆ ಇಷ್ಟು ಸಾಕೆಂದು ಉಳಿದ ಆಯುಷ್ಯವನ್ನು ನೆಮ್ಮದಿಯಿಂದ ಕಳೆಯುತ್ತಿದ್ದನು. ಲಾಂಗೆಯ ಮನಸ್ಸು ಮಾತ್ರ ಬೆಟ್ಟದ ಕಡೆಗೆ ತಿರುಗಿತ್ತು. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳಲ್ಲಿ ರೈತರು ಹಿಮ ಬೀಳುವ ತಿಂಗಳುಗಳಲ್ಲಿ ಮನೆಯ ಕಿಟಕಿಯ ಬಳಿ ಕುಳಿತು ಗಡಿಯಾರದ ಬಿಡಿಭಾಗಗಳನ್ನು ತಯಾರಿಸುತ್ತಿದ್ದರು. ಒಬ್ಬನ ಮನೆಯಲ್ಲಿ ಚಕ್ರ, ಇನ್ನೊಬ್ಬನಲ್ಲಿ ತಿರುಪು, ಮತ್ತೊಬ್ಬನಲ್ಲಿ ಮುಳ್ಳು. ಬಡ ಬೆಟ್ಟದ ನಾಡು ಆ ಕಸುಬಿನಿಂದ ಸುಖವಾಗಿತ್ತು. ಅದೇ ಕಸುಬು ಸ್ಯಾಕ್ಸನಿಯ ಬಡ ಬೆಟ್ಟಗಳಲ್ಲಿ ಏಕೆ ಬೇರೂರಬಾರದು ಎಂದು ಅವನು ಯೋಚಿಸಿದನು.

ಯೋಚನೆ ಮನಸ್ಸಿನಲ್ಲೇ ಉಳಿಯಲಿಲ್ಲ. ಅವನು ಸರ್ಕಾರಕ್ಕೆ ಪತ್ರ ಬರೆದನು. ಉತ್ತರ ತಡವಾಯಿತು, ಮತ್ತೆ ಬರೆದನು. 1844ರ ಜನವರಿಯಲ್ಲಿ ವೈಸೆನ್‌ಬಾಕ್ ಎಂಬ ಹಿರಿಯ ಅಧಿಕಾರಿಗೆ ವಿವರವಾದ ಯೋಜನೆಯನ್ನೇ ಕಳುಹಿಸಿದನು. ಎಷ್ಟು ಹುಡುಗರಿಗೆ ಕಲಿಸಬೇಕು, ಎಷ್ಟು ಕಾಲ ಕಲಿಸಬೇಕು, ಯಾವ ಉಪಕರಣಗಳು ಬೇಕು, ಖರ್ಚೆಷ್ಟು, ಎಲ್ಲವೂ ಅಂಕೆಸಂಖ್ಯೆಗಳಲ್ಲಿ. ಕೊನೆಗೆ 1845ರ ಮೇ 31ರಂದು ಒಪ್ಪಂದವಾಯಿತು. ಗ್ಲಾಸ್‌ಹ್ಯೂಟೆಯ ಹದಿನೈದು ಮಂದಿ ಹುಡುಗರಿಗೆ ಮೂರು ವರ್ಷಗಳಲ್ಲಿ ಗಡಿಯಾರದ ಕೆಲಸ ಕಲಿಸುವುದು ಲಾಂಗೆಯ ಹೊಣೆ. ಅದಕ್ಕಾಗಿ ಸರ್ಕಾರ ಆರು ಸಾವಿರಕ್ಕೂ ಮೀರಿದ ಥೇಲರ್ ನಾಣ್ಯಗಳನ್ನು ಮುಂಗಡವಾಗಿ ಕೊಡುವುದು. ಇದು ದಾನವಲ್ಲ, ತೀರಿಸಬೇಕಾದ ಸಾಲ ಎಂಬುದನ್ನು ಗಮನಿಸಬೇಕು. ಯೋಜನೆ ಕೆಟ್ಟರೆ ಕೆಡುತ್ತಿದ್ದುದು ಹಣವೊಂದೇ ಅಲ್ಲ. ಲಾಂಗೆಯ ಹೆಸರು ಹೋಗುತ್ತಿತ್ತು, ಮಾವನ ಉದ್ಯಮದ ಮರ್ಯಾದೆಯೂ ಕುಂದುತ್ತಿತ್ತು. ಊರಿನ ಬಡವರ ಕೊನೆಯ ಆಸೆಯೂ ಕಮರುತ್ತಿತ್ತು.

1845ರ ಡಿಸೆಂಬರ್ 7ರಂದು ಗ್ಲಾಸ್‌ಹ್ಯೂಟೆಯಲ್ಲಿ ಕಾರ್ಯಾಗಾರ ಆರಂಭವಾಯಿತು. ಲಾಂಗೆಗೆ ಆಗ ಮೂವತ್ತು ವರ್ಷ. ಗುಟ್‌ಕೇಸನ ಬಳಿಯೇ ಕಲಿತಿದ್ದ ಅಡಾಲ್ಫ್ ಷ್ನೈಡರ್ ಎಂಬ ಮಿತ್ರನು ಸಹಾಯಕ್ಕೆ ಬಂದನು. ಎದುರಿಗೆ ಹದಿನೈದು ಹುಡುಗರು. ಕೆಲವರು ಹುಲ್ಲು ಹೆಣೆದವರು, ಕೆಲವರು ಕಲ್ಲು ಹೊತ್ತವರು, ಇನ್ನು ಕೆಲವರು ಹೊಲದ ಆಳುಗಳು. ಅವರ ಬೆರಳುಗಳು ಒರಟಾಗಿದ್ದವು; ಕೂದಲೆಳೆಯಷ್ಟು ತೆಳ್ಳಗಿನ ಇರುಸನ್ನು ಹಿಡಿಯುವುದಿರಲಿ, ಅಂಥದೊಂದು ವಸ್ತುವನ್ನು ಅವರು ಕಂಡೇ ಇರಲಿಲ್ಲ. ಒಬ್ಬನ ಅಜಾಗರೂಕತೆಯಿಂದ ವಾರದ ಕೆಲಸ ಒಂದು ಕ್ಷಣದಲ್ಲಿ ಮುರಿದುಹೋಗುವ ಕಸುಬು ಇದು. ಅವರಿಗೆ ಕಸುಬು ಕಲಿಸುವ ಮೊದಲು ತಾಳ್ಮೆಯನ್ನು ಕಲಿಸಬೇಕಾಗಿತ್ತು.

ಲಾಂಗೆ ಮೊದಲು ಕೈಹಾಕಿದ್ದು ಉಪಕರಣಗಳಿಗೆ. ಅಂದಿನ ಗಡಿಯಾರಗಾರರು ಚಿಕ್ಕ ಭಾಗಗಳನ್ನು ಕಡೆಯಲು ಬಿಲ್ಲಿನ ಲೇತನ್ನು ಬಳಸುತ್ತಿದ್ದರು. ಪಿಟೀಲಿನ ಕಮಾನಿನಂಥ ಬಿಲ್ಲಿನ ದಾರವನ್ನು ಇರುಸಿಗೆ ಸುತ್ತಿ ಒಂದು ಕೈಯಿಂದ ಹಿಂದಕ್ಕೂ ಮುಂದಕ್ಕೂ ಎಳೆಯಬೇಕು; ಇನ್ನೊಂದು ಕೈಯಿಂದ ಉಳಿಯನ್ನು ಹಿಡಿಯಬೇಕು. ಲೋಹವು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಿರುಗುವುದರಿಂದ ಅರ್ಧ ಸಮಯ ಉಳಿಯನ್ನು ಹಿಂದೆಗೆದುಕೊಂಡೇ ಇರಬೇಕಾಗುತ್ತಿತ್ತು. ಲಾಂಗೆ ಇದರ ಬದಲು ಕಾಲಿನಿಂದ ತುಳಿದು ತಿರುಗಿಸುವ, ಭಾರಚಕ್ರವುಳ್ಳ ಲೇತನ್ನು ಬಳಕೆಗೆ ತಂದನು. ಈಗ ಎರಡು ಕೈಗಳೂ ಬಿಡುವಾದವು. ತಿರುಗುವಿಕೆ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ನಡೆಯಿತು. ಹೊಸದಾಗಿ ಕಲಿಯುವ ಹುಡುಗನೂ ದುಂಡನೆಯ ಇರುಸನ್ನು ಕಡೆಯಬಲ್ಲವನಾದನು.

ಎರಡನೆಯದು ಅಳತೆಯ ಸುಧಾರಣೆ. ಗಡಿಯಾರಗಾರರ ಲೋಕದಲ್ಲಿ ಆಗ ಪ್ಯಾರಿಸಿನ ಲೀನ್ ಎಂಬ ಹಳೆಯ ಅಳತೆ ನಡೆಯುತ್ತಿತ್ತು. ಅಂಗುಲದ ಹನ್ನೆರಡರಲ್ಲೊಂದು ಪಾಲು ಒಂದು ಲೀನ್; ಅದನ್ನು ಮತ್ತೆ ಹನ್ನೆರಡು ಪಾಲು ಮಾಡಬೇಕು. ಲೆಕ್ಕಕ್ಕೆ ಅದೊಂದು ತೊಡಕು. ಲಾಂಗೆ ತನ್ನ ಕಾರ್ಯಾಗಾರದಲ್ಲಿ ಮಿಲಿಮೀಟರನ್ನು ಜಾರಿಗೆ ತಂದನು. ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನು ಅಳೆಯುವ ಕೈ ಉಪಕರಣವನ್ನು ಹುಡುಗರಿಗೆ ಕೊಟ್ಟನು. ಜರ್ಮನ್ ನಾಡುಗಳು ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ಬೆಟ್ಟದ ಹುಡುಗರು ಈ ವಿಷಯದಲ್ಲಿ ತಮ್ಮ ಸರ್ಕಾರಕ್ಕಿಂತ ಮುಂದಿದ್ದರು!

ಇನ್ನೊಂದು ಏರ್ಪಾಡು ಕೆಲಸದ ಹಂಚಿಕೆ. ಒಬ್ಬನೇ ಇಡೀ ಗಡಿಯಾರವನ್ನು ತಯಾರಿಸುವ ಬದಲು ಪ್ರತಿಯೊಬ್ಬನೂ ಒಂದೊಂದು ಭಾಗದಲ್ಲಿ ಪರಿಣತನಾಗುವಂತೆ ಲಾಂಗೆ ಯೋಜಿಸಿದನು. ಕಲಿತವನು ಸದಾ ತನ್ನ ಕೈಕೆಳಗೇ ಇರಬೇಕೆಂಬ ಹಟ ಅವನಿಗಿರಲಿಲ್ಲ. ಪಳಗಿದವರು ಸ್ವಂತ ಕಾರ್ಯಾಗಾರಗಳನ್ನು ತೆರೆದು ತಿರುಪು, ಮುಳ್ಳು, ಚಕ್ರ, ಕವಚಗಳನ್ನು ಸ್ವತಂತ್ರವಾಗಿ ತಯಾರಿಸಲು ಪ್ರೋತ್ಸಾಹಿಸಿದನು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ತನ್ನ ಎದುರಾಳಿಗಳನ್ನು ತಾನೇ ಬೆಳೆಸಿದಂತೆ. ಆದರೆ ಅವನಿಗೆ ಬೇಕಾಗಿದ್ದುದು ತನ್ನದೊಂದು ಅಂಗಡಿಯಲ್ಲ, ಗಡಿಯಾರಗಾರರ ಒಂದು ಊರು.

ಊರು ಅಷ್ಟು ಸುಲಭವಾಗಿ ಕಟ್ಟಿಕೊಳ್ಳಲಿಲ್ಲ. ಮೊದಲ ವರ್ಷಗಳು ಕಷ್ಟದಲ್ಲಿ ಕಳೆದವು. ಹುಡುಗರು ಕಲಿಯುವವರೆಗೆ ಮಾರಲು ಗಡಿಯಾರಗಳಿಲ್ಲ. ಗಡಿಯಾರಗಳು ಮಾರಾಟವಾಗುವವರೆಗೆ ಹುಡುಗರ ಖರ್ಚಿಗೆ ಹಣವಿಲ್ಲ. ಸ್ವಿಟ್ಜರ್ಲೆಂಡಿನ ಹೆಸರನ್ನೇ ಕೇಳಿ ಬಲ್ಲ ವರ್ತಕರು ಗ್ಲಾಸ್‌ಹ್ಯೂಟೆಯ ಗಡಿಯಾರವನ್ನು ಕೈಯಲ್ಲಿ ಹಿಡಿದು ನೋಡಲೂ ಹಿಂಜರಿಯುತ್ತಿದ್ದರು. ಕಾಲವೂ ಕೂಡಿಬರಲಿಲ್ಲ. 1846 ಮತ್ತು 1847ರಲ್ಲಿ ಯುರೋಪಿನ ಅನೇಕ ಕಡೆ ಬೆಳೆ ಕೆಟ್ಟು ಧಾನ್ಯದ ಬೆಲೆ ಏರಿತು. 1848ರಲ್ಲಿ ಜರ್ಮನ್ ನಾಡುಗಳಲ್ಲೆಲ್ಲ ಕ್ರಾಂತಿಯ ಅಲೆ ಎದ್ದಿತು. 1849ರ ಮೇ ತಿಂಗಳಲ್ಲಿ ಡ್ರೆಸ್ಡೆನ್ನಿನ ಬೀದಿಗಳಲ್ಲಿಯೇ ಕಾಳಗ ನಡೆಯಿತು. ಅಂಥ ಹೊತ್ತಿನಲ್ಲಿ ಚಿನ್ನದ ಗಡಿಯಾರ ಕೊಳ್ಳುವವರಾರು? ಲಾಂಗೆ ತನ್ನ ಉಳಿತಾಯವನ್ನೆಲ್ಲ ಇದರಲ್ಲಿ ತೊಡಗಿಸಿದನು. ರಾಜಧಾನಿಯ ಸುಖವನ್ನು ಬಿಟ್ಟು ಬಂದ ಆಂಟೋನಿಯಾಳು ಬೆಟ್ಟದ ಊರಿನಲ್ಲಿ ಮನೆಯನ್ನು ತೂಗಿಸಿದಳು. ಹಿರಿಯ ಮಗ ರಿಚರ್ಡ್ ಹುಟ್ಟಿದ್ದು ಕಾರ್ಯಾಗಾರ ತೆರೆದ 1845ರಲ್ಲಿಯೇ. ಎರಡನೆಯವನಾದ ಎಮಿಲ್ ಹುಟ್ಟಿದ್ದು 1849ರಲ್ಲಿ.

ಈ ಇಕ್ಕಟ್ಟಿನ ನಡುವೆಯೇ 1848ರಲ್ಲಿ ಊರಿನವರು ಲಾಂಗೆಯನ್ನು ತಮ್ಮ ನಗರಾಧ್ಯಕ್ಷನನ್ನಾಗಿ ಆರಿಸಿಕೊಂಡರು. 1866ರವರೆಗೆ, ಹದಿನೆಂಟು ವರ್ಷಗಳ ಕಾಲ, ಅವನು ಆ ಹೊಣೆಯನ್ನು ಸಂಬಳವಿಲ್ಲದೆ ಹೊತ್ತನು. ಹಗಲು ಕಾರ್ಯಾಗಾರ, ಅದರ ನಡುವೆ ಊರಿನ ವ್ಯವಹಾರ, ರಾತ್ರಿ ದೀಪದ ಬೆಳಕಿನಲ್ಲಿ ಲೆಕ್ಕ ಮತ್ತು ನಕ್ಷೆಗಳು. ಸ್ಯಾಕ್ಸನಿಯ ಶಾಸನಸಭೆಯಲ್ಲಿಯೂ ಅವನು ಕೆಲಕಾಲ ಸದಸ್ಯನಾಗಿದ್ದನು. ನಿಧಾನವಾಗಿ ಗಾಳಿ ತಿರುಗಿತು. ಜೂಲಿಯಸ್ ಆಸ್‌ಮನ್, ಮೊರಿಟ್ಸ್ ಗ್ರಾಸ್‌ಮನ್ ಮುಂತಾದ ನುರಿತ ಗಡಿಯಾರಗಾರರು 1850ರ ದಶಕದಲ್ಲಿ ಗ್ಲಾಸ್‌ಹ್ಯೂಟೆಗೆ ಬಂದು ನೆಲೆಸಿದರು. ಹುಲ್ಲು ಹೆಣೆಯುತ್ತಿದ್ದ ಮನೆಗಳ ಕಿಟಕಿಗಳಲ್ಲಿ ಈಗ ಲೇತುಗಳು ತಿರುಗುತ್ತಿದ್ದವು.

ಲಾಂಗೆಯ ಗಡಿಯಾರಗಳ ಒಳರಚನೆಯಲ್ಲಿ ಬಹು ಪ್ರಸಿದ್ಧವಾದುದು ಮುಕ್ಕಾಲು ಫಲಕ. ಜೇಬುಗಡಿಯಾರದೊಳಗೆ ಚಕ್ರಗಳ ಇರುಸುಗಳ ಒಂದು ತುದಿ ಕೆಳಗಿನ ಫಲಕದಲ್ಲಿಯೂ ಇನ್ನೊಂದು ತುದಿ ಮೇಲಿನ ಆಧಾರದಲ್ಲಿಯೂ ಕೂತಿರುತ್ತದೆ. ಹಲವರು ಒಂದೊಂದು ಚಕ್ರಕ್ಕೆ ಒಂದೊಂದು ಬಿಡಿ ಸೇತುವೆಯನ್ನು ಮೇಲಿನಿಂದ ಬಿಗಿಯುತ್ತಿದ್ದರು. ಕೂಡಿಸಲು ಇದು ಸುಲಭ. ಆದರೆ ಒಂದು ಸೇತುವೆ ಎಳ್ಳಷ್ಟು ಸರಿದರೂ ಚಕ್ರಗಳ ನಡುವಣ ಅಂತರ ಕೆಡುತ್ತದೆ. ಲಾಂಗೆ ಹಲವು ವರ್ಷ ಇದನ್ನು ತಿದ್ದುತ್ತ ಬಂದು, 1864ರಲ್ಲಿ ಯಂತ್ರದ ಮುಕ್ಕಾಲು ಭಾಗವನ್ನು ಮುಚ್ಚುವ ಒಂದೇ ಫಲಕವನ್ನು ರೂಪಿಸಿದನು. ಎಲ್ಲ ಇರುಸುಗಳೂ ಅದರಲ್ಲೇ ಕೂರುವುದರಿಂದ ಅಂತರಗಳು ಕದಲವು. ಇದರಿಂದ ಗಡಿಯಾರಕ್ಕೆ ಸುಖವಾಯಿತು, ಗಡಿಯಾರಗಾರನಿಗೆ ಕಷ್ಟವಾಯಿತು. ಅವನು ಎಲ್ಲ ಇರುಸುಗಳ ತುದಿಗಳನ್ನೂ ಒಂದೇ ಸಲ ಅವವುಗಳ ರಂಧ್ರಕ್ಕೆ ಹೊಂದಿಸಬೇಕು. ಒಂದು ತಪ್ಪಿದರೂ ಇಡೀ ಫಲಕವನ್ನು ಮೇಲೆತ್ತಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಕೈಗೆ ಸುಲಭವಾದುದನ್ನು ಬಿಟ್ಟು ಗಡಿಯಾರಕ್ಕೆ ಒಳ್ಳೆಯದಾದುದನ್ನು ಹಿಡಿದ ಈ ಒಂದು ಆಯ್ಕೆಯಲ್ಲಿ ಲಾಂಗೆಯ ಸ್ವಭಾವವೆಲ್ಲ ಕಾಣುತ್ತದೆ.

ಇರುಸಿನ ತುದಿಗಳು ತಿರುಗುವ ಕಡೆ ಸವೆಯದಂತೆ ಮಾಣಿಕ್ಯದ ಹರಳುಗಳನ್ನಿಡುವುದು ಗಡಿಯಾರಗಳಲ್ಲಿ ರೂಢಿ. ಗ್ಲಾಸ್‌ಹ್ಯೂಟೆಯವರು ಆ ಹರಳನ್ನು ಚಿನ್ನದ ಚಿಕ್ಕ ಬಳೆಯಲ್ಲಿ ಕೂರಿಸಿ, ಆ ಬಳೆಯನ್ನು ಪುಟ್ಟ ತಿರುಪುಗಳಿಂದ ಫಲಕಕ್ಕೆ ಬಿಗಿದರು. ಹರಳು ಒಡೆದರೆ ಬಳೆಯೊಡನೆ ತೆಗೆದು ಬೇರೊಂದನ್ನು ಇಡಬಹುದು. ತಿರುಪುಗಳ ತಲೆ ಕಡುನೀಲಿ. ಅದು ಬಳಿದ ಬಣ್ಣವಲ್ಲ. ಉಕ್ಕನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿದಾಗ ಅದರ ಮೇಲ್ಮೈಯಲ್ಲಿ ತಾನಾಗಿ ಮೂಡುವ ಬಣ್ಣ. ಒಂದು ಕ್ಷಣ ಹೆಚ್ಚು ಕಾಯಿಸಿದರೆ ಬೂದು, ಕಡಿಮೆಯಾದರೆ ನೇರಿಳೆ. ಚಿನ್ನ, ಕೆಂಪು, ನೀಲಿ ಈ ಮೂರೂ ಸೇರಿ ಯಂತ್ರದ ಒಳಭಾಗ ಒಡವೆಯಂತೆ ಹೊಳೆಯುತ್ತಿತ್ತು. ಬಡತನ ನೀಗಲೆಂದು ಹುಟ್ಟಿದ ಉದ್ಯಮವು ರಾಜರ ಜೇಬಿಗೆ ತಕ್ಕ ವಸ್ತುಗಳನ್ನು ತಯಾರಿಸತೊಡಗಿದ್ದು ವಿಚಿತ್ರವೆನಿಸಬಹುದು. ಆದರೆ ಬೆಟ್ಟದ ಊರಿನಲ್ಲಿ ಲೋಹವಿರಲಿಲ್ಲ, ಕಲ್ಲಿದ್ದಲಿರಲಿಲ್ಲ, ಒಳ್ಳೆಯ ದಾರಿಯೂ ಇರಲಿಲ್ಲ. ಅಲ್ಲಿದ್ದುದು ಮನುಷ್ಯರ ಕೈಗಳು ಮಾತ್ರ. ಹಿಡಿಯಷ್ಟು ಲೋಹಕ್ಕೆ ಅತಿ ಹೆಚ್ಚು ಕೈಕೆಲಸವನ್ನು ಸೇರಿಸಿ ಮಾರುವುದೊಂದೇ ಅವರಿಗಿದ್ದ ಉಪಾಯ.

1868ರಲ್ಲಿ ರಿಚರ್ಡನು ತಂದೆಯ ಪಾಲುಗಾರನಾದನು, ಸಂಸ್ಥೆಗೆ ಎ. ಲಾಂಗೆ ಉಂಡ್ ಸ್ಯೋನೆ, ಅಂದರೆ ಎ. ಲಾಂಗೆ ಮತ್ತು ಪುತ್ರರು, ಎಂಬ ಹೆಸರು ಬಂತು. 1871ರಲ್ಲಿ ಎಮಿಲನೂ ಸೇರಿದನು. ಬಿಡುವಿಲ್ಲದ ದುಡಿಮೆಯ ನಡುವೆ 1875ರ ಡಿಸೆಂಬರ್ 3ರಂದು ಲಾಂಗೆ ಗ್ಲಾಸ್‌ಹ್ಯೂಟೆಯಲ್ಲಿ ತೀರಿಕೊಂಡನು. ಆಗ ಅವನಿಗೆ ಅರವತ್ತು ವರ್ಷ. ಮೂರು ವರ್ಷಗಳ ಅನಂತರ, 1878ರಲ್ಲಿ, ಗ್ರಾಸ್‌ಮನ್ನನ ಪ್ರಯತ್ನದಿಂದ ಅಲ್ಲಿ ಗಡಿಯಾರ ವಿದ್ಯೆಯ ಶಾಲೆ ತೆರೆಯಿತು. 1890ರಲ್ಲಿ ಕಣಿವೆಗೆ ರೈಲು ಬಂತು. 1895ರಲ್ಲಿ, ಕಾರ್ಯಾಗಾರ ಆರಂಭವಾದ ಐವತ್ತು ವರ್ಷಗಳ ನೆನಪಿಗಾಗಿ, ಊರಿನವರು ಲಾಂಗೆಯ ಸ್ಮಾರಕವನ್ನು ನಿಲ್ಲಿಸಿದರು.

ಮಕ್ಕಳ ಕಾಲದಲ್ಲಿ ಕೀರ್ತಿ ಇನ್ನೂ ಹಬ್ಬಿತು. 1898ರಲ್ಲಿ ಜರ್ಮನ್ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ತುರ್ಕಿಯ ಸುಲ್ತಾನನನ್ನು ಕಾಣಲು ಹೋದಾಗ ಉಡುಗೊರೆಯಾಗಿ ಒಯ್ದದ್ದು ಲಾಂಗೆ ಗಡಿಯಾರವನ್ನೇ. 1902ರಲ್ಲಿ ವಿಯೆನ್ನಾಕ್ಕೆ ಮಾರಾಟವಾದ 42500ನೆಯ ಸಂಖ್ಯೆಯ ಜೇಬುಗಡಿಯಾರವು ಆ ಸಂಸ್ಥೆಯ ಜೇಬುಗಡಿಯಾರಗಳಲ್ಲೆಲ್ಲ ಅತ್ಯಂತ ಜಟಿಲವಾದುದು. ರಿಚರ್ಡನಂತೂ ಮುಪ್ಪಿನಲ್ಲಿಯೂ ಸುಮ್ಮನೆ ಕೂರದೆ, ಗಡಿಯಾರದ ಕೂದಲುಸುರುಳಿಗೆ ಬೇಕಾದ ಲೋಹಮಿಶ್ರಣದಲ್ಲಿ ಬೆರಿಲಿಯಮನ್ನು ಬೆರೆಸುವ ವಿಧಾನವನ್ನು ಕಂಡುಹಿಡಿದು 1930ರಲ್ಲಿ ಹಕ್ಕುಪತ್ರ ಪಡೆದನು. ಆಗ ಅವನ ವಯಸ್ಸು ಎಂಬತ್ತೈದರ ಹತ್ತಿರ.

ಯುರೋಪಿನಲ್ಲಿ ಎರಡನೆಯ ಮಹಾಯುದ್ಧದ ಕೊನೆಯ ದಿನ, 1945ರ ಮೇ 8ರಂದು, ಗ್ಲಾಸ್‌ಹ್ಯೂಟೆಯ ಮೇಲೆ ಬಾಂಬುಗಳು ಬಿದ್ದು ಲಾಂಗೆ ಕಾರ್ಖಾನೆಯ ಮುಖ್ಯ ಕಟ್ಟಡ ಸುಟ್ಟುಹೋಯಿತು. ಯುದ್ಧದಲ್ಲಿ ಗಾಯಗೊಂಡು ಆಗತಾನೆ ಊರಿಗೆ ಮರಳಿದ್ದ, ಇಪ್ಪತ್ತು ವರ್ಷದ ವಾಲ್ಟರ್ ಲಾಂಗೆ ಅದನ್ನು ಕಂಡನು. ಅವನು ಎಮಿಲನ ಮೊಮ್ಮಗ, ಮೂಲಪುರುಷನ ಮರಿಮಗ. ಮನೆಯವರು ಅವಶೇಷಗಳ ನಡುವೆಯೇ ಕೆಲಸವನ್ನು ಮತ್ತೆ ಆರಂಭಿಸಿದರು. ಆದರೆ 1948ರಲ್ಲಿ ಹೊಸ ಆಡಳಿತವು ಕಾರ್ಖಾನೆಯನ್ನು ವಶಪಡಿಸಿಕೊಂಡಿತು. ತನ್ನನ್ನು ಯುರೇನಿಯಂ ಗಣಿಯ ಕೆಲಸಕ್ಕೆ ಕಳುಹಿಸುವರೆಂದು ತಿಳಿದಾಗ ವಾಲ್ಟರನು ಗಡಿ ದಾಟಿ ಪಶ್ಚಿಮ ಜರ್ಮನಿಗೆ ಹೊರಟುಹೋದನು. ಗಣಿಯಿಂದ ಜನರನ್ನು ಗಡಿಯಾರದ ಕಡೆಗೆ ತಂದವನ ಮರಿಮಗನಿಗೆ ಗಡಿಯಾರದಿಂದ ಗಣಿಯ ಕಡೆಗೆ ಹೋಗುವ ಸಂದರ್ಭ ಬಂದದ್ದು ವಿಧಿಯ ವಿಪರೀತ. 1951ರಲ್ಲಿ ಊರಿನ ಎಲ್ಲ ಗಡಿಯಾರ ಸಂಸ್ಥೆಗಳನ್ನೂ ಒಂದುಗೂಡಿಸಿ ಸರ್ಕಾರಿ ಉದ್ಯಮ ಮಾಡಲಾಯಿತು. ಗ್ಲಾಸ್‌ಹ್ಯೂಟೆಯಲ್ಲಿ ಗಡಿಯಾರಗಳ ತಯಾರಿಕೆ ನಿಲ್ಲಲಿಲ್ಲ. ಆದರೆ ಮುಖಫಲಕದಿಂದ ಲಾಂಗೆ ಎಂಬ ಹೆಸರು ಅಳಿಸಿಹೋಯಿತು.

ನಲವತ್ತು ವರ್ಷಗಳು ಕಳೆದವು. ಎರಡು ಜರ್ಮನಿಗಳೂ ಒಂದಾದ 1990ರಲ್ಲಿ, ಡಿಸೆಂಬರ್ 7ರಂದೇ, ವಾಲ್ಟರ್ ಲಾಂಗೆ ಹೊಸ ಸಂಸ್ಥೆಯನ್ನು ನೋಂದಾಯಿಸಿದನು. ಮುತ್ತಾತ ಕಾರ್ಯಾಗಾರ ತೆರೆದು ಅಂದಿಗೆ ಸರಿಯಾಗಿ 145 ವರ್ಷ. ವಾಲ್ಟರನಿಗೆ ಅರವತ್ತಾರು ವರ್ಷ ದಾಟಿತ್ತು. ಕಟ್ಟಡವಿಲ್ಲ, ಯಂತ್ರಗಳಿಲ್ಲ, ತೋರಿಸಲು ಒಂದು ಗಡಿಯಾರವೂ ಇಲ್ಲ. ಗುಂಟರ್ ಬ್ಲ್ಯೂಮ್‌ಲೈನ್ ಎಂಬ ಸಮರ್ಥ ಉದ್ಯಮಿ ಅವನಿಗೆ ಜೊತೆಯಾದನು. ನಾಲ್ಕು ವರ್ಷಗಳ ದುಡಿಮೆಯ ಫಲವಾಗಿ 1994ರ ಅಕ್ಟೋಬರ್ 24ರಂದು ಡ್ರೆಸ್ಡೆನ್ನಿನ ಅರಮನೆಯಲ್ಲಿ ನಾಲ್ಕು ಬಗೆಯ ಕೈಗಡಿಯಾರಗಳು ಜನರೆದುರಿಗೆ ಬಂದವು.

ಅವುಗಳಲ್ಲಿ ಲಾಂಗೆ 1 ಎಂಬುದರ ಮುಖವನ್ನು ಕಂಡು ಅನೇಕರು ಬೆರಗಾದರು. ಸಾಮಾನ್ಯವಾಗಿ ಗಡಿಯಾರದ ಮುಳ್ಳುಗಳು ನಡುವಿನಲ್ಲಿರುತ್ತವೆ. ಇದರಲ್ಲಿ ಗಂಟೆ ನಿಮಿಷಗಳ ವೃತ್ತ ಎಡಕ್ಕೆ ಸರಿದಿತ್ತು. ಬಲಗಡೆ ಮೇಲೆ ತಾರೀಖು, ಕೆಳಗೆ ಸೆಕೆಂಡಿನ ಚಿಕ್ಕ ವೃತ್ತ, ಅವೆರಡರ ನಡುವೆ ಕೀಲಿ ಇನ್ನೆಷ್ಟು ಉಳಿದಿದೆಯೆಂದು ತೋರುವ ಮುಳ್ಳು. ಒಂದರ ಮೇಲೊಂದು ಬೀಳದಂತೆ ಎಲ್ಲಕ್ಕೂ ಅದರದರ ಎಡೆ. ಒಮ್ಮೆ ಕೀಲಿ ಕೊಟ್ಟರೆ ಮೂರು ದಿನ ನಡೆಯುವಂತೆ ಎರಡು ಸ್ಪ್ರಿಂಗ್ ಡಬ್ಬಿಗಳು. ತಾರೀಖಿನ ಅಂಕೆಗಳಂತೂ ಕನ್ನಡಕವಿಲ್ಲದ ಮುದುಕನೂ ಓದಬಲ್ಲಷ್ಟು ದೊಡ್ಡವು. ಸೆಂಪರನ ನಾಟಕಗೃಹದಲ್ಲಿ ಗುಟ್‌ಕೇಸ್ ತೆರೆದಿದ್ದ ಎರಡು ಕಿಂಡಿಗಳೇ ಇಲ್ಲಿ ಬೆರಳುಗುರಿನ ಅಳತೆಗೆ ಇಳಿದುಬಂದಿದ್ದವು. ಹತ್ತರ ಸ್ಥಾನಕ್ಕೆ ಒಂದು ಬಿಲ್ಲೆ, ಬಿಡಿ ಸ್ಥಾನಕ್ಕೆ ಇನ್ನೊಂದು. ತಿಂಗಳು ಮುಗಿದು 31 ಹೋಗಿ 1 ಬರುವಾಗ ಬಿಡಿ ಸ್ಥಾನದ ಬಿಲ್ಲೆ ಅಲುಗದೆ ನಿಲ್ಲಬೇಕು, ಹತ್ತರದು ಮಾತ್ರ ಸರಿಯಬೇಕು. ಮಗುವಿನ ಲೆಕ್ಕದಂತೆ ತೋರುವ ಇದನ್ನು ಹಲ್ಲುಚಕ್ರಗಳಿಂದ ಮಾಡಿಸುವುದು ಸಣ್ಣ ಕೆಲಸವಲ್ಲ.

ಬಹು ಅಪರೂಪವಾದುದು ಅಂದು ಬಂದ ಟೂರ್ಬಿಯಾನ್ ಪೂರ್ ಲ ಮೆರಿತ್. ಅಂಥವು ತಯಾರಾದದ್ದು ಸುಮಾರು 200 ಮಾತ್ರ. ಗಡಿಯಾರದ ಸ್ಪ್ರಿಂಗಿಗೆ ಪೂರ್ತಿ ಕೀಲಿ ಕೊಟ್ಟಾಗ ಬಲ ಹೆಚ್ಚು, ಬಿಚ್ಚುತ್ತ ಹೋದಂತೆ ಬಲ ಕಡಿಮೆ. ಈ ಏರುಪೇರನ್ನು ಸರಿದೂಗಿಸಲು ಹಿಂದಿನವರು ಬುಗುರಿಯಾಕಾರದ ಉರುಳೆಗೆ ಸರಪಣಿಯನ್ನು ಸುತ್ತುತ್ತಿದ್ದರು. ಬಲ ಹೆಚ್ಚಿದ್ದಾಗ ಸರಪಣಿ ಕಿರಿದಾದ ಸುತ್ತನ್ನೂ, ಬಲ ಕುಗ್ಗಿದಾಗ ಅಗಲವಾದ ಸುತ್ತನ್ನೂ ಎಳೆಯುತ್ತದೆ. ಕ್ರೋನೋಮೀಟರುಗಳಲ್ಲಿದ್ದ ಆ ಏರ್ಪಾಡನ್ನು ಮೊತ್ತಮೊದಲ ಬಾರಿಗೆ ಇಲ್ಲಿ ಕೈಗಡಿಯಾರದೊಳಗೆ ಅಳವಡಿಸಲಾಯಿತು. ಅದರ ಸರಪಣಿಯೊಂದರಲ್ಲಿಯೇ ಆರುನೂರಕ್ಕೂ ಹೆಚ್ಚು ಬಿಡಿಭಾಗಗಳಿವೆ. ಯಂತ್ರದ ಫಲಕ ಜರ್ಮನ್ ಸಿಲ್ವರಿನದು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ. ಅದರ ಆಕಾರ 1864ರ ಮುಕ್ಕಾಲು ಫಲಕವೇ.

ವಾಲ್ಟರ್ ಲಾಂಗೆ 2017ರ ಜನವರಿಯಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಗ್ರಾಸ್‌ಮನ್ ಆರಂಭಿಸಿದ ಗಡಿಯಾರ ಶಾಲೆಯ ಹಳೆಯ ಕಟ್ಟಡದಲ್ಲಿ 2008ರಿಂದ ಗಡಿಯಾರಗಳ ವಸ್ತುಸಂಗ್ರಹಾಲಯವಿದೆ. ಲಾಂಗೆ ಸಂಸ್ಥೆಯ ಕಾರ್ಯಾಗಾರದಲ್ಲಿ ಇಂದಿಗೂ ಪ್ರತಿಯೊಂದು ಗಡಿಯಾರವನ್ನೂ ಎರಡು ಸಲ ಕೂಡಿಸುತ್ತಾರೆ. ಮೊದಲ ಸಲ ಕೂಡಿಸಿ, ಓಡಿಸಿ, ಸರಿನೋಡಿ, ಮತ್ತೆ ಪೂರ್ತಿ ಬಿಚ್ಚುತ್ತಾರೆ. ಭಾಗಗಳನ್ನು ತೊಳೆದು, ಹೊಳಪುಗೊಳಿಸಿ, ಎರಡನೆಯ ಸಲ ಕೂಡಿಸುತ್ತಾರೆ. ತೂಗುಚಕ್ರದ ಮೇಲಿನ ಆಧಾರದ ತುಣುಕಿನ ಮೇಲೆ ಕೆತ್ತನೆಗಾರನು ಉಳಿಯಿಂದ ಹೂವಿನ ಚಿತ್ರವನ್ನು ಬಿಡಿಸುತ್ತಾನೆ. ಅದನ್ನು ಕೈಯಿಂದಲೇ ಬಿಡಿಸುವುದರಿಂದ ಒಂದು ಗಡಿಯಾರದ ಹೂವು ಇನ್ನೊಂದರ ಹೂವಿನಂತೆ ಇರುವುದಿಲ್ಲ.